ಸ್ವರ್ಗದ ಹಾದಿ ಮತ್ತು ತಮ್ಮನ ಬಾಗಿಲು

ಪಾಪನಿವೇದನೆಯ ಪೀಠದಲ್ಲಿ ಕೇಳಿದ ಮಾತು ಗುರುವಿನೊಡನೆಯೇ ಮಣ್ಣಾಗಬೇಕೆಂಬುದು ಧರ್ಮಸಭೆಯ ಕಟ್ಟಳೆ. ಆದಕಾರಣ ನಾನಿಲ್ಲಿ ಬರೆಯುತ್ತಿರುವುದು ಪೀಠದಲ್ಲಿ ಕೇಳಿದ್ದಲ್ಲ. ತಪಸ್ಸುಕಾಲದ ಒಂದು ಶುಕ್ರವಾರ ಶಿಲುಬೆಯ ಹಾದಿ ಮುಗಿದು, ದೀಪಗಳನ್ನು ಆರಿಸಿ ಹೊರಬಂದಾಗ, ದೇವಾಲಯದ ಜಗಲಿಯಲ್ಲಿ ಕಾದು ಕುಳಿತಿದ್ದ ಹಿರಿಯರೊಬ್ಬರು ಆಡಿದ ಮಾತು. ಬರೆಯಲು ಅವರ ಒಪ್ಪಿಗೆಯೂ ಉಂಟು. ಹೆಸರು, ಊರು ಓದುಗರಿಗೆ ಬೇಕಿಲ್ಲ.

"ಸ್ವಾಮಿ, ಬಹಳ ವರ್ಷದ ಹಿಂದೆ ತಮ್ಮನ ಪಾಲಿನ ತೋಟವನ್ನು ಅವನಿಗೆ ತಿಳಿಯದ ಹಾಗೆ ಕಾಗದ ಮಾಡಿಸಿ ನನ್ನ ಹೆಸರಿಗೆ ಬರೆಸಿಕೊಂಡೆ. ಅದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡೂ ಆಗಿದೆ. ದೇವರು ಕ್ಷಮಿಸಿದ್ದಾನೆ ಎಂದುಕೊಂಡಿದ್ದೆ. ಮೊನ್ನೆ ಪಕ್ಕದ ಮನೆಯ ಸಾಹೇಬರೊಡನೆ ಮಾತಿಗೆ ಮಾತು ಬಂತು. ನಮ್ಮಲ್ಲಿ ಹಾಗಲ್ಲ, ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯನೇ ಬಿಟ್ಟುಕೊಡದೆ ಅಲ್ಲಾಹನೂ ಬಿಡುವುದಿಲ್ಲ ಎಂದರು. ಅವರ ದೇವರು ನಮ್ಮ ದೇವರಿಗಿಂತ ಕಠಿಣನೇ, ಸ್ವಾಮಿ? ತಮ್ಮ ತೀರಿಕೊಂಡು ಆರು ವರ್ಷವಾಯಿತು. ನನ್ನ ಲೆಕ್ಕ ಮುಗಿದಿದೆಯೋ ಇಲ್ಲವೋ?"

ಆ ಸಂಜೆ ನಾನು ಕೊಟ್ಟ ಉತ್ತರ ಅರೆಬರೆಯದು. ಕತ್ತಲಾಗಿದೆ, ಇನ್ನೊಂದು ದಿನ ಮಾತಾಡೋಣ ಎಂದು ಹೇಳಿ ಕಳುಹಿಸಿದೆ. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ವರ್ಷಗಟ್ಟಲೆ ಓದಿದವನಿಗೆ ಜಗಲಿಯ ಮೇಲಿನ ಒಂದು ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ನಮ್ಮ ಜನರಲ್ಲಿ ಒಂದು ಸುಲಭವಾದ ವಿಂಗಡಣೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಯೆಹೂದ್ಯರ ದೇವರು ನ್ಯಾಯದ ದೇವರು, ಮುಸಲ್ಮಾನರ ದೇವರು ಶಿಕ್ಷೆಯ ದೇವರು, ನಮ್ಮ ದೇವರು ಮಾತ್ರ ಕ್ಷಮೆಯ ದೇವರು ಎಂಬ ವಿಂಗಡಣೆ. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಇದನ್ನು ಬಾಯಿಪಾಠ ಮಾಡಿದಂತೆ ಒಪ್ಪಿಸುವುದನ್ನು ನಾನೇ ಕೇಳಿದ್ದೇನೆ. ಇದು ಸರಿಯಲ್ಲ. ಯೆಹೂದ್ಯರು ವರ್ಷಕ್ಕೊಮ್ಮೆ ಆಚರಿಸುವ ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನ ಮಧ್ಯಾಹ್ನದ ಆರಾಧನೆಯಲ್ಲಿ ಪ್ರವಾದಿ ಯೋನನ ಗ್ರಂಥವನ್ನು ಪೂರ್ತಿಯಾಗಿ ಓದುತ್ತಾರೆ. ನಿನೆವೆಯೆಂಬ ಪರಕೀಯ ನಗರವನ್ನು ದೇವರು ಕ್ಷಮಿಸಿಬಿಟ್ಟನಲ್ಲಾ ಎಂದು ಪ್ರವಾದಿಯೇ ಮುನಿಸಿಕೊಂಡು ಕುಳಿತ ಕಥೆ ಅದು. ಕುರಾನಿನ 114 ಅಧ್ಯಾಯಗಳ ಪೈಕಿ 113 ಅಧ್ಯಾಯಗಳು ಕರುಣಾಮಯನೂ ಕೃಪಾಳುವೂ ಆದ ದೇವರ ಹೆಸರಿನಿಂದಲೇ ಆರಂಭವಾಗುತ್ತವೆ. ಎಷ್ಟೇ ಪಾಪ ಮಾಡಿದವನಾದರೂ ದೇವರ ಕರುಣೆಯಲ್ಲಿ ನಿರಾಶನಾಗಕೂಡದೆಂದು ಆ ಗ್ರಂಥ ನೇರವಾಗಿ ಆಜ್ಞಾಪಿಸುತ್ತದೆ. ದುಂದುಗಾರ ಮಗನ ಸಾಮತಿಯನ್ನು ನಮಗೆ ಕೊಟ್ಟ ಪ್ರಭು ಯೇಸು ಸ್ವತಃ ಯೆಹೂದ್ಯ ತಾಯಿಯ ಮಗನೆಂಬುದನ್ನು ನಾವು ಮರೆಯುವುದು ಹೇಗೆ?

ದೇವರು ಕ್ಷಮಿಸುತ್ತಾನೆಯೆ ಎಂಬುದು ಹಾಗಾದರೆ ಈ ಮೂರು ಧರ್ಮಗಳ ನಡುವಿನ ವಿವಾದವೇ ಅಲ್ಲ. ಅವನ ಕ್ಷಮೆ ನನ್ನನ್ನು ಯಾರ ಬಾಗಿಲಿಗೆ ಕಳುಹಿಸುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಮಾತಿನ ಮೂಲವನ್ನೇ ಸ್ವಲ್ಪ ನೋಡೋಣ. ನಾವು ಪಶ್ಚಾತ್ತಾಪ ಎನ್ನುತ್ತೇವೆ. ಅಂದರೆ ಆಮೇಲೆ ಬೇಯುವುದು. ಒಳಗೊಳಗೇ ಬೆಂದರೂ ಕುಳಿತಲ್ಲಿಂದ ಏಳಬೇಕಾಗಿಲ್ಲ. ಯೆಹೂದ್ಯರು ಇದಕ್ಕೆ ಬಳಸುವ ‘ತೆಶುವಾ’ ಎಂಬ ಹೀಬ್ರೂ ಪದದ ಅರ್ಥ ಹಿಂದಿರುಗುವುದು. ಮುಸಲ್ಮಾನರ ‘ತೌಬಾ’ ಎಂಬ ಅರಬ್ಬೀ ಪದಕ್ಕೂ ಹೆಚ್ಚುಕಡಿಮೆ ಅದೇ ಅರ್ಥ. ಎರಡರಲ್ಲೂ ಕಾಲಿಗೆ ಕೆಲಸವಿದೆ. ನಡೆದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ದಾರಿಯಲ್ಲಿ ಯಾರನ್ನು ಕೆಡವಿ ಬಂದಿದ್ದೇವೋ ಅವರು ಅಲ್ಲೇ ಬಿದ್ದಿರುತ್ತಾರೆ. ಅವರನ್ನು ದಾಟಿಕೊಂಡು ದೇವರ ಬಳಿಗೆ ಹೋಗುವಂತಿಲ್ಲ.

ಯೆಹೂದ್ಯರ ಮಿಶ್ನಾ ಗ್ರಂಥ ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹಗೊಂಡದ್ದು. ಯೋಮ್ ಕಿಪ್ಪುರ್ ಕುರಿತಾದ ಭಾಗದಲ್ಲಿ ಅದು ಗೆರೆ ಎಳೆದಂತೆ ಒಂದು ನಿಯಮವನ್ನು ಹೇಳುತ್ತದೆ. ಮನುಷ್ಯನಿಗೂ ದೇವರಿಗೂ ನಡುವಿನ ಪಾಪಗಳನ್ನು ಆ ಪ್ರಾಯಶ್ಚಿತ್ತದ ದಿನವು ತೊಡೆದುಹಾಕುತ್ತದೆ. ಮನುಷ್ಯನಿಗೂ ಅವನ ನೆರೆಯವನಿಗೂ ನಡುವಿನ ಪಾಪಗಳನ್ನಾದರೋ, ಆ ನೆರೆಯವನನ್ನು ಸಮಾಧಾನಪಡಿಸುವ ತನಕ, ಆ ದಿನವೂ ತೊಡೆದುಹಾಕಲಾರದು. ಒಂದು ಹಗಲು ಒಂದು ರಾತ್ರಿ ನೀರನ್ನೂ ಮುಟ್ಟದೆ ಉಪವಾಸವಿದ್ದರೂ ಅಷ್ಟೇ. ಹನ್ನೆರಡನೆಯ ಶತಮಾನದ ಮಹಾಪಂಡಿತ ಮೈಮೊನಿಡಿಸ್ ಈ ನಿಯಮವನ್ನು ಇನ್ನಷ್ಟು ಬಿಡಿಸಿ ಹೇಳಿದ. ನಮ್ಮ ಸಂತ ತೋಮಸ್ ಅಕ್ವಿನಾಸರು ಗೌರವದಿಂದ ಓದಿ ಉಲ್ಲೇಖಿಸಿದ ತತ್ವಜ್ಞಾನಿ ಈತ. ಹಣ ಹಿಂದಿರುಗಿಸಿದರೆ ಸಾಲದು, ಹೋಗಿ ಕ್ಷಮೆ ಬೇಡಬೇಕು. ಅವನು ಒಪ್ಪದಿದ್ದರೆ ಅವನ ಗೆಳೆಯರಲ್ಲಿ ಮೂವರನ್ನು ಕರೆದುಕೊಂಡು ಮತ್ತೆ ಹೋಗಬೇಕು. ಹೀಗೆ ಮೂರು ಬಾರಿ. ಆ ಮೇಲೂ ಕ್ಷಮಿಸದಿದ್ದರೆ ಪಾಪ ಅವನ ಪಾಲಿನದು. ಅನ್ಯಾಯಕ್ಕೊಳಗಾದವನು ಸತ್ತುಹೋಗಿದ್ದರೆ? ಹತ್ತು ಜನರನ್ನು ಕರೆದುಕೊಂಡು ಅವನ ಸಮಾಧಿಯ ಬಳಿಗೆ ಹೋಗಿ, ಅವರೆಲ್ಲರ ಮುಂದೆ ತನ್ನ ತಪ್ಪನ್ನು ಹೆಸರಿಟ್ಟು ಒಪ್ಪಿಕೊಳ್ಳಬೇಕು. ಹಣದ ಬಾಬತ್ತಾದರೆ ವಾರಸುದಾರರಿಗೆ ಸಲ್ಲಿಸಬೇಕು. ನಮ್ಮ ಪಾಪನಿವೇದನೆಯ ಪೀಠಕ್ಕಾದರೂ ಒಂದು ಜಾಲರಿಯ ಮರೆ ಇದೆ. ಅಲ್ಲಿ ಹತ್ತು ಜನ ಕಿವಿಗೊಟ್ಟು ನಿಂತಿರುತ್ತಾರೆ!

ಹಿರಿಯರ ಪಕ್ಕದ ಮನೆಯ ಸಾಹೇಬರು ಹೇಳಿದ್ದೂ ಅವರ ಧರ್ಮದ ಸರಿಯಾದ ಬೋಧನೆಯೇ. ಇಸ್ಲಾಮಿನ ಪಂಡಿತರು ದೇವರ ಹಕ್ಕುಗಳನ್ನೂ ದೇವರ ದಾಸರ ಹಕ್ಕುಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ತೌಬಾ ಸಲ್ಲಬೇಕಾದರೆ ಪಾಪವನ್ನು ಬಿಡಬೇಕು, ಅದಕ್ಕಾಗಿ ಮರುಗಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು. ಇನ್ನೊಬ್ಬನ ಹಕ್ಕನ್ನು ಕಸಿದಿದ್ದರೆ ಅದನ್ನು ಅವನಿಗೆ ಹಿಂದಿರುಗಿಸಬೇಕು ಇಲ್ಲವೆ ಅವನಿಂದ ಬಿಡುಗಡೆ ಪಡೆಯಬೇಕು. ಪ್ರವಾದಿ ಮುಹಮ್ಮದರು ಒಮ್ಮೆ ಅನುಚರರನ್ನು, ದಿವಾಳಿಯೆಂದರೆ ಯಾರು ಎಂದು ಕೇಳಿದರೆಂದು ಹದೀಸ್ ಹೇಳುತ್ತದೆ. ಹಣವೂ ಆಸ್ತಿಯೂ ಇಲ್ಲದವನು ಎಂದು ಅವರೆಂದರು. ಅಲ್ಲ, ಎಂದರು ಪ್ರವಾದಿ. ನಮಾಜು, ಉಪವಾಸ, ದಾನಗಳ ರಾಶಿಯನ್ನೇ ಹೊತ್ತು ತೀರ್ಪಿನ ದಿನ ಒಬ್ಬನು ಬರುತ್ತಾನೆ. ಆದರೆ ಒಬ್ಬನನ್ನು ಬೈದಿದ್ದಾನೆ, ಒಬ್ಬನ ಮೇಲೆ ಅಪವಾದ ಹೊರಿಸಿದ್ದಾನೆ, ಇನ್ನೊಬ್ಬನ ಸೊತ್ತನ್ನು ತಿಂದಿದ್ದಾನೆ. ಅವನ ಪುಣ್ಯವೆಲ್ಲ ಅವರಿಗೆ ಹಂಚಿಹೋಗುತ್ತದೆ. ಪುಣ್ಯ ಮುಗಿದ ಮೇಲೆ ಅವರ ಪಾಪ ಇವನ ತಲೆಗೆ ಬರುತ್ತದೆ. ಅವನೇ ದಿವಾಳಿ. ನಮ್ಮ ಧರ್ಮಕೇಂದ್ರಗಳಲ್ಲಿ ಮುಂದಿನ ಬೆಂಚಿನಲ್ಲಿ ಕೂರುವ ಕೆಲವರ ನೆನಪು ನನಗೆ ಈ ಮಾತಿನಿಂದ ಬಂದರೆ ಓದುಗರು ಕ್ಷಮಿಸಬೇಕು. ಪೂಜಾಪೀಠದ ಬಳಿ ನಿಲ್ಲುವವನ ನೆನಪೂ ಬಾರದಿರಲಿಲ್ಲ.

ನಮ್ಮ ಪ್ರಭು ಏನು ಹೇಳಿದರು? ಪರ್ವತ ಪ್ರಸಂಗದಲ್ಲಿ ಕಾಣಿಕೆಯ ಮಾತು ಬರುತ್ತದೆ. ಬಲಿಪೀಠದ ಮುಂದೆ ನಿಂತಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನಲ್ಲಿಗೆ ಹೋಗಿ ಸಂಧಾನವಾಗಿ ಬಾ ಎಂಬುದು ಅದರ ಸಾರ. ಇದನ್ನು ನಾವು ಸಾಮಾನ್ಯವಾಗಿ ತಿರುಗುಮುರುಗಾಗಿ ಓದಿಕೊಳ್ಳುತ್ತೇವೆ. ನನಗೆ ಅವನ ಮೇಲೆ ಸಿಟ್ಟಿದ್ದರೆ ಮನಸ್ಸಿನಲ್ಲೇ ಕ್ಷಮಿಸಿಬಿಟ್ಟು ಪರಮಪ್ರಸಾದಕ್ಕೆ ಹೋಗಬಹುದೆಂದು ತಿಳಿಯುತ್ತೇವೆ. ಪ್ರಭು ಹೇಳಿದ್ದು ಅವನಿಗೆ ನನ್ನ ಮೇಲಿರುವ ದೂರಿನ ಬಗ್ಗೆ. ಈ ಮಾತನ್ನು ಕೇಳುತ್ತಿದ್ದವರು ಗಲಿಲೇಯದ ಜನ. ಬಲಿಪೀಠವಿದ್ದುದು ಜೆರುಸಲೇಮಿನಲ್ಲಿ, ಹಲವು ದಿನಗಳ ಕಾಲ್ನಡಿಗೆಯ ದೂರದಲ್ಲಿ. ಕಾಣಿಕೆಯನ್ನು ಬಿಟ್ಟು ಊರಿಗೆ ನಡೆದು, ಸಂಧಾನ ಮಾಡಿಕೊಂಡು, ಮತ್ತೆ ಬರುವುದೆಂದರೆ ಅದು ಸಣ್ಣ ಮಾತೆ? ಆ ಕಾಣಿಕೆ ಅಷ್ಟು ದಿನ ಅಲ್ಲೇ ಬಿದ್ದಿರಲಿ, ದೇವರು ಕಾಯುತ್ತಾನೆ ಎಂಬುದೇ ಆ ಮಾತಿನ ಭಾವ. ಅಂದಮೇಲೆ ಸಾಹೇಬರ ದೇವರು ನಮ್ಮ ದೇವರಿಗಿಂತ ಕಠಿಣನೆಂದು ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಇಲ್ಲಿ ಕೆಲವರು ಬಲಗಡೆಯ ಕಳ್ಳನನ್ನು ನೆನಪಿಸಬಹುದು. ಶಿಲುಬೆಯ ಮೇಲೆ ಆತ ಯಾರಿಗೂ ಏನನ್ನೂ ಹಿಂದಿರುಗಿಸಲಿಲ್ಲ; ಆದರೂ ಅಂದೇ ಅವನಿಗೆ ಸ್ವರ್ಗ ದೊರೆಯಿತು. ನಿಜ. ಅವನ ಕೈಗಳಿಗೆ ಮೊಳೆ ಹೊಡೆದಿತ್ತು. ಜಕ್ಕಾಯನ ಕೈಗಳು ಬಿಡುವಾಗಿದ್ದವು. ಅವನು ಎದ್ದು ನಿಂತು, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟನ್ನು ಕೊಡುತ್ತೇನೆಂದು ಹೇಳಿದ ಮೇಲೆಯೇ ಆ ಮನೆಗೆ ಇಂದು ಜೀವೋದ್ಧಾರ ಬಂತೆಂದು ಪ್ರಭು ನುಡಿದರು. ಹಿಂದಿರುಗಿಸುವ ಶಕ್ತಿಯಿದ್ದೂ ಹಿಂದಿರುಗಿಸದವನ ಪಶ್ಚಾತ್ತಾಪ ಬರಿಯ ನಟನೆಯೆಂದು ಸಂತ ಅಗಸ್ಟೀನರು ಒಂದು ಪತ್ರದಲ್ಲಿ ಕಡ್ಡಿ ಮುರಿದಂತೆ ಬರೆದಿದ್ದಾರೆ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದನ್ನೇ ಹೇಳುತ್ತದೆ. ಗುರುವಿನ ವಿಮೋಚನೆಯ ಮಾತು ಪಾಪವನ್ನು ಕಳೆಯುತ್ತದೆ; ಪಾಪ ಮಾಡಿದ ಹಾನಿಯನ್ನು ತಾನಾಗಿಯೇ ಸರಿಪಡಿಸುವುದಿಲ್ಲ. ಕದ್ದದ್ದನ್ನು ಕೊಡಬೇಕು, ಕೆಡಿಸಿದ ಹೆಸರನ್ನು ಎತ್ತಿಹಿಡಿಯಬೇಕು, ಗಾಯಕ್ಕೆ ಪರಿಹಾರ ಸಲ್ಲಿಸಬೇಕು. ಪಾಪನಿವೇದನೆಯ ನಂತರ ಮೂರು ಜಪ ಹೇಳಿ ಕೈತೊಳೆದುಕೊಳ್ಳುವ ರೂಢಿಯನ್ನು ನಾವು ಎಲ್ಲಿಂದ ತಂದೆವೋ ನಾನರಿಯೆ. ಧರ್ಮಸಭೆ ಅದನ್ನು ಕಲಿಸಿಲ್ಲ.

ಈ ಪ್ರಶ್ನೆ ಎಷ್ಟು ಆಳಕ್ಕೆ ಇಳಿಯುತ್ತದೆಂಬುದನ್ನು ತೋರಿಸುವ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಎರಡನೆಯ ಮಹಾಯುದ್ಧದ ಕಾಲ. ಈಗ ಯುಕ್ರೇನಿನಲ್ಲಿ ಲ್ವಿವ್ ಎಂದು ಕರೆಸಿಕೊಳ್ಳುವ ನಗರವನ್ನು ಆಗ ಜರ್ಮನರು ಲೆಂಬರ್ಗ್ ಎನ್ನುತ್ತಿದ್ದರು. ಅಲ್ಲಿನ ಯಾತನಾ ಶಿಬಿರದಲ್ಲಿ ಸೈಮನ್ ವೀಸೆಂಥಾಲ್ ಎಂಬ ಯೆಹೂದ್ಯ ಯುವಕ ಕೈದಿಯಾಗಿದ್ದ. ಒಂದು ದಿನ ಕೈದಿಗಳನ್ನು ಸೈನಿಕ ಆಸ್ಪತ್ರೆಯೊಂದಕ್ಕೆ ಕೂಲಿಗೆ ಕರೆದೊಯ್ದರು. ದಾದಿಯೊಬ್ಬಳು ಬಂದು, ನೀನು ಯೆಹೂದ್ಯನೇ ಎಂದು ಕೇಳಿ, ಅವನನ್ನು ಒಂದು ಕೋಣೆಗೆ ಕರೆದುಕೊಂಡು ಹೋದಳು. ಮುಖತುಂಬ ಬಟ್ಟೆ ಸುತ್ತಿದ, ಸಾಯುತ್ತಿದ್ದ ನಾಜಿ ಸೈನಿಕನೊಬ್ಬ ಅಲ್ಲಿ ಮಲಗಿದ್ದ. ವಯಸ್ಸು ಇಪ್ಪತ್ತೆರಡನ್ನೂ ದಾಟಿರಲಿಲ್ಲ. ಒಂದು ಊರಿನಲ್ಲಿ ಯೆಹೂದ್ಯರನ್ನು, ಮಕ್ಕಳು ಮುದುಕರೆನ್ನದೆ, ಒಂದು ಮನೆಯೊಳಗೆ ತುಂಬಿ ಬೆಂಕಿಯಿಟ್ಟದ್ದನ್ನೂ, ಕಿಟಕಿಯಿಂದ ಮಗುವನ್ನೆತ್ತಿಕೊಂಡು ಜಿಗಿದ ಕುಟುಂಬದ ಮೇಲೆ ಗುಂಡು ಹಾರಿಸಿದ್ದನ್ನೂ ಅವನು ಒಂದೊಂದಾಗಿ ಹೇಳಿಕೊಂಡ. ಒಬ್ಬ ಯೆಹೂದ್ಯನ ಬಾಯಿಂದ ಕ್ಷಮೆಯ ಮಾತನ್ನು ಕೇಳಿ ಸಾಯಬೇಕೆಂಬುದು ಅವನ ಆಸೆ.

ಓದುಗ ಬಂಧುಗಳೇ, ಆ ಸೈನಿಕ ಕಥೋಲಿಕ ತಾಯಿಯ ಮಗ. ಬಾಲ್ಯದಲ್ಲಿ ದೇವಾಲಯದಲ್ಲಿ ಪೂಜಾಸೇವಕನಾಗಿದ್ದವನು. ನಮ್ಮ ಮನೆಯ ಹುಡುಗ.

ವೀಸೆಂಥಾಲ್ ಅವನ ಮೇಲೆ ಕುಳಿತ ನೊಣವನ್ನು ಓಡಿಸಿದ, ಕಡೆಯವರೆಗೂ ಕೇಳಿದ. ಆಮೇಲೆ ಏನೂ ಹೇಳದೆ ಎದ್ದುಹೋದ. ಮರುದಿನ ಸೈನಿಕ ಸತ್ತಿದ್ದ. ಯುದ್ಧ ಮುಗಿದ ಮೇಲೆ ವೀಸೆಂಥಾಲ್ ಆ ತಾಯಿಯನ್ನು ಹುಡುಕಿಕೊಂಡು ಸ್ಟುಟ್‌ಗಾರ್ಟ್ ನಗರಕ್ಕೆ ಹೋದ. ಗಂಡನನ್ನೂ ಮಗನನ್ನೂ ಕಳೆದುಕೊಂಡು ಒಂಟಿಯಾಗಿದ್ದ ಆಕೆ, ತನ್ನ ಮಗ ಬಹಳ ಒಳ್ಳೆಯ ಹುಡುಗನೆಂದಳು. ವೀಸೆಂಥಾಲ್ ಆಗಲೂ ಏನೂ ಹೇಳದೆ ಹಿಂದಿರುಗಿದ. ಮುಂದೆ ಇದನ್ನೆಲ್ಲ ‘ಸೂರ್ಯಕಾಂತಿ’ ಎಂಬ ಹೆಸರಿನ ಪುಸ್ತಕದಲ್ಲಿ ಬರೆದು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಲೋಕದ ಅನೇಕ ಚಿಂತಕರನ್ನು ಕೇಳಿದ.

ಬಂದ ಉತ್ತರಗಳು ನಮಗೆ ಪಾಠ. ಕ್ರೈಸ್ತರಲ್ಲಿ ಹಲವರು ಕ್ಷಮೆಯ ಕಡೆಗೆ ವಾಲಿದರು. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದ ಗುರು ಥಿಯೊಡೋರ್ ಹೆಸ್ಬರ್ಗ್, ತಮ್ಮ ಸಹಜ ಪ್ರವೃತ್ತಿಯೇ ಕ್ಷಮಿಸುವುದು ಎಂದರು. ಯೆಹೂದ್ಯ ಚಿಂತಕರಲ್ಲಿ ಬಹುಮಂದಿ, ಕ್ಷಮಿಸುವ ಅಧಿಕಾರವೇ ಅವನಿಗಿರಲಿಲ್ಲ, ಅದು ಸುಟ್ಟು ಸತ್ತವರದು ಎಂದರು. ಯೆಹೂದ್ಯ ದಾರ್ಶನಿಕ ಅಬ್ರಹಾಂ ಜೋಶುವಾ ಹೆಷೆಲ್ ವಾದ ಮಾಡಲಿಲ್ಲ, ಒಂದು ಕಥೆ ಹೇಳಿದರು. ಬ್ರಿಸ್ಕ್ ಊರಿನ ಪ್ರಖ್ಯಾತ ಧರ್ಮಗುರುವೊಬ್ಬರನ್ನು, ಯಾರೆಂದು ತಿಳಿಯದೆ, ರೈಲಿನಲ್ಲಿ ಇಸ್ಪೀಟಾಡುತ್ತಿದ್ದ ವ್ಯಾಪಾರಿಯೊಬ್ಬ ಕೊರಳಪಟ್ಟಿ ಹಿಡಿದು ಡಬ್ಬಿಯಿಂದ ಹೊರಗೆ ನೂಕಿದ. ಊರು ತಲುಪಿದ ಮೇಲೆ ಅವರು ಯಾರೆಂದು ತಿಳಿದು ಓಡಿಬಂದು ಕ್ಷಮೆ ಬೇಡಿದ. ಗುರು ಒಪ್ಪಲಿಲ್ಲ. ಇಷ್ಟು ಸೌಮ್ಯ ಸ್ವಭಾವದವರು ಹೀಗೇಕೆ ಹಟ ಹಿಡಿದಿದ್ದಾರೆಂದು ಜನರಿಗೆ ಆಶ್ಚರ್ಯ. ಅವನು ಅವಮಾನಿಸಿದ್ದು ನನ್ನನ್ನಲ್ಲ, ಯಾರೋ ಒಬ್ಬ ಸಾಮಾನ್ಯ ಬಡಮನುಷ್ಯನನ್ನು. ಕ್ಷಮೆಯನ್ನು ಹೋಗಿ ಅವನಲ್ಲೇ ಕೇಳಲಿ, ಎಂದರಂತೆ ಗುರು.

ಹೆಸ್ಬರ್ಗರ ಮಾತು ಗುರುವಾದ ನನ್ನ ಹೃದಯಕ್ಕೆ ಹತ್ತಿರವಾದುದು. ಹಾಗಿದ್ದೂ ಹೆಷೆಲರ ಕಥೆಗೆ ಎದುರು ಹೇಳಲು ನನ್ನಲ್ಲಿ ಮಾತಿಲ್ಲ. ಪೀಠದಲ್ಲಿ ಕುಳಿತ ಗುರು ವಿಮೋಚನೆ ನೀಡುವುದು ದೇವರ ಹೆಸರಿನಲ್ಲಿ. ಅನ್ಯಾಯಕ್ಕೊಳಗಾದ ತಮ್ಮನ ಹೆಸರಿನಲ್ಲಲ್ಲ. ಆ ಅಧಿಕಾರ ನನಗೆ ಗುರುದೀಕ್ಷೆಯ ದಿನ ಯಾರೂ ಕೊಟ್ಟಿಲ್ಲ. ದೇವರು ಆ ಸೈನಿಕನನ್ನು ಕ್ಷಮಿಸಿರಬಹುದು, ಕ್ಷಮಿಸಲೆಂದೇ ನನ್ನ ಪ್ರಾರ್ಥನೆ. ಆದರೆ ಕಿಟಕಿಯಿಂದ ಜಿಗಿದ ಆ ಮಗುವಿನ ಪರವಾಗಿ ಕ್ಷಮಿಸಲು ನಾನು ಯಾರು?

ನಮ್ಮ ಧರ್ಮಸಭೆಯೇ ಈ ಪಾಠವನ್ನು ನಿಧಾನವಾಗಿ ಕಲಿತಿದೆ ಎಂದು ನನಗನ್ನಿಸುತ್ತದೆ. 2000ದ ಮಹಾಜೂಬಿಲಿ ವರ್ಷದ ಮಾರ್ಚ್ 12ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಜಗದ್ಗುರು ದ್ವಿತೀಯ ಜಾನ್ ಪೌಲರು, ಧರ್ಮಸಭೆಯ ಮಕ್ಕಳು ಶತಮಾನಗಳಲ್ಲಿ ಎಸಗಿದ ಪಾಪಗಳಿಗಾಗಿ ದೇವರಲ್ಲಿ ಕ್ಷಮೆ ಯಾಚಿಸಿದರು. ಅದೇ ತಿಂಗಳ 26ರಂದು ಜೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲಿನ ಸಂದಿನಲ್ಲಿ, ಯೆಹೂದ್ಯರಿಗಾದ ನೋವಿಗಾಗಿ ಕ್ಷಮೆ ಬೇಡುವ ಪ್ರಾರ್ಥನೆಯ ಚೀಟಿಯನ್ನು ತಮ್ಮ ನಡುಗುವ ಕೈಯಿಂದ ಇರಿಸಿದರು. ಅದೊಂದು ಮಹತ್ತಾದ ಕ್ಷಣವೆಂಬುದರಲ್ಲಿ ಸಂಶಯವಿಲ್ಲ. ಆ ಚೀಟಿಯನ್ನು ಬರೆದದ್ದು ದೇವರಿಗೆ. ಮಿಶ್ನಾದ ನಿಯಮವನ್ನು ಬಲ್ಲ ಯೆಹೂದ್ಯನೊಬ್ಬ, ಹಾಗಾದರೆ ನಮ್ಮನ್ನು ಕೇಳುವುದು ಯಾವಾಗ ಎಂದಿದ್ದರೆ ಅದು ಕುಹಕವಾಗುತ್ತಿರಲಿಲ್ಲ. 2022ರ ಜುಲೈನಲ್ಲಿ ಜಗದ್ಗುರು ಫ್ರಾನ್ಸಿಸರು ಮಂಡಿನೋವಿನಿಂದಾಗಿ ಗಾಲಿಕುರ್ಚಿಯಲ್ಲೇ ಕೆನಡಾಕ್ಕೆ ಹೋದರು. ಅಲ್ಲಿನ ಮೂಲನಿವಾಸಿ ಮಕ್ಕಳನ್ನು ತಾಯ್ತಂದೆಯರಿಂದ ಅಗಲಿಸಿ ಇರಿಸಿದ್ದ ವಸತಿಶಾಲೆಗಳಲ್ಲಿ ಅನೇಕವನ್ನು ಕಥೋಲಿಕ ಸಂಸ್ಥೆಗಳೇ ನಡೆಸಿದ್ದವು. ಮಸ್ಕ್ವಾಸಿಸ್ ಎಂಬಲ್ಲಿ, ಆ ಶಾಲೆಗಳಲ್ಲಿ ಬದುಕುಳಿದ ಮುದುಕ ಮುದುಕಿಯರ ಎದುರಿನಲ್ಲೇ, ಅವರನ್ನೇ ಉದ್ದೇಶಿಸಿ ಕ್ಷಮೆ ಕೇಳಿದರು. ಕೆಲವರು ಅತ್ತರು, ಕೆಲವರು ಇದು ಸಾಲದೆಂದರು. ಸಾಲದೆನ್ನುವ ಹಕ್ಕೂ ಅವರದೇ.

ಇನ್ನು ನನ್ನ ಸ್ವಂತ ತಪ್ಪೊಂದನ್ನು ಹೇಳದೆ ಈ ಅಂಕಣ ಮುಗಿಸಿದರೆ ಅದು ಪ್ರಾಮಾಣಿಕವಾಗದು. ಗುರುದೀಕ್ಷೆಯಾದ ಹೊಸದರಲ್ಲಿ, ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದ ಹೆಣ್ಣುಮಗಳೊಬ್ಬಳನ್ನು ಆಕೆಯ ತಾಯಿ ನನ್ನ ಬಳಿಗೆ ಕರೆತಂದಿದ್ದಳು. ನಾನು ಏಳು ಎಪ್ಪತ್ತು ಸಲ ಕ್ಷಮಿಸಬೇಕೆಂಬ ಪ್ರಭುವಿನ ಮಾತನ್ನು ವಿವರಿಸಿ, ಶಿಲುಬೆಯ ಮೇಲಿನ ಕ್ಷಮೆಯನ್ನು ನೆನಪಿಸಿ, ಹಿಂದಿರುಗಿ ಹೋಗಮ್ಮ ಎಂದೆ. ಆಕೆ ನನ್ನನ್ನೇ ಒಂದು ಕ್ಷಣ ನೋಡಿ, "ಸ್ವಾಮಿ, ಅವರು ಕೇಳಿದ್ದಾರಾ?" ಎಂದಳು. ಅವನು ಕೇಳಿರಲಿಲ್ಲ. ಅವನನ್ನು ಕರೆಸಬೇಕೆಂದು ನನಗೆ ತೋಚಿರಲೂ ಇಲ್ಲ. ಕ್ಷಮಿಸು ಎಂದು ಹೊಡೆಸಿಕೊಂಡವಳಿಗೆ ಹೇಳಿದೆ. ತಿರುಗು ಎಂದು ಹೊಡೆದವನಿಗೆ ಹೇಳಲಿಲ್ಲ. ಕೇಳುವ ಮೊದಲೇ ಕ್ಷಮಿಸುವುದು ಕ್ರೈಸ್ತ ಧರ್ಮದ ಶಿಖರವೆಂಬುದು ನಿಜ. ಆ ಶಿಖರವನ್ನು ತೋರಿಸಿ ಗಾಯಗೊಂಡವರನ್ನೇ ಹತ್ತಿಸುತ್ತಾ, ಗಾಯ ಮಾಡಿದವರನ್ನು ಬುಡದಲ್ಲಿ ತಣ್ಣಗೆ ಕೂರಿಸುವುದು ನಮ್ಮ ಧರ್ಮಕೇಂದ್ರಗಳ ಹಳೆಯ ಚಾಳಿ.

ಇದಕ್ಕೆ ಸಂಬಂಧಿಸಿದಂತೆ ಇಸ್ಲಾಮಿನ ಪರಂಪರೆಯಲ್ಲಿ ಒಂದು ಪ್ರಸಂಗವಿದೆ. ಓದಿದಾಗಲೆಲ್ಲ ಅದು ನನ್ನನ್ನು ತಡೆದು ನಿಲ್ಲಿಸುತ್ತದೆ. ಕ್ರಿ.ಶ. 625ರ ಉಹುದ್ ಯುದ್ಧದಲ್ಲಿ ಪ್ರವಾದಿಯ ಪ್ರೀತಿಯ ಚಿಕ್ಕಪ್ಪ ಹಂಝಾರನ್ನು ಭರ್ಜಿಯೆಸೆದು ಕೊಂದವನು ವಹ್ಶೀ ಎಂಬ ಗುಲಾಮ. ವರ್ಷಗಳ ನಂತರ ಅವನು ಇಸ್ಲಾಮನ್ನು ಸ್ವೀಕರಿಸಿ ಪ್ರವಾದಿಯೆದುರು ಬಂದ. ಪ್ರವಾದಿ ಅವನನ್ನು ದಂಡಿಸಲಿಲ್ಲ, ಸಮುದಾಯದಿಂದ ಹೊರಗೂ ಇಡಲಿಲ್ಲ. ಆದರೆ ಸಾಧ್ಯವಾದರೆ ನಿನ್ನ ಮುಖವನ್ನು ನನಗೆ ಕಾಣಿಸದಿರು ಎಂದು ಕೇಳಿಕೊಂಡರು. ಕ್ಷಮೆ ಸಂಪೂರ್ಣವಾಗಿತ್ತು, ನೋವೂ ಸಂಪೂರ್ಣವಾಗಿತ್ತು. ಕ್ಷಮಿಸುವುದೆಂದರೆ ಮರೆಯುವುದಲ್ಲ, ಅದೇ ಮನೆಗೆ ಮತ್ತೆ ಹೋಗಿ ಅದೇ ಹೊಡೆತಕ್ಕೆ ಬೆನ್ನು ಕೊಡುವುದಂತೂ ಅಲ್ಲ. ಆ ಹೆಣ್ಣುಮಗಳಿಗೆ ನಾನು ಹೇಳಬೇಕಾಗಿದ್ದುದು ಇದನ್ನು. ಸಂಸ್ಕೃತದಲ್ಲಿ ‘ಕ್ಷಮಾ’ ಎಂದರೆ ಭೂಮಿ ಎಂಬ ಅರ್ಥವೂ ಇದೆ. ಹೆಣ್ಣನ್ನು ಭೂಮಿಗೆ ಹೋಲಿಸಿ ತಾಳಿಕೋ ಎನ್ನುವುದು ನಮ್ಮ ನಾಡಿನಲ್ಲಿ ಎಲ್ಲ ಧರ್ಮದವರಿಗೂ ರೂಢಿಯಾಗಿದೆ.

ಪರಲೋಕದ ಚಿತ್ರಣಗಳಲ್ಲೂ ಈ ಮೂರು ಧರ್ಮಗಳು ಬಹಳ ಭಿನ್ನ. ಯೆಹೂದ್ಯರು ಬರಲಿರುವ ಲೋಕದ ಬಗ್ಗೆ ಮಿತವಾಗಿ ಮಾತಾಡುತ್ತಾರೆ. ತೀರಿಹೋದ ತಂದೆತಾಯಿಗಾಗಿ ಮಕ್ಕಳು ‘ಕದ್ದಿಶ್’ ಎಂಬ ಪ್ರಾರ್ಥನೆಯನ್ನು ಹನ್ನೊಂದು ತಿಂಗಳು ಹೇಳುವ ಪದ್ಧತಿ ಅವರಲ್ಲಿದೆ. ದುಷ್ಟರ ಶುದ್ಧೀಕರಣಕ್ಕೆ ಹನ್ನೆರಡು ತಿಂಗಳು ಬೇಕೆಂಬ ಹಳೆಯ ನಂಬಿಕೆಯಿದ್ದು, ಹೆತ್ತವರು ಅಷ್ಟು ದುಷ್ಟರಲ್ಲವೆಂದು ಒಂದು ತಿಂಗಳು ಮೊದಲೇ ನಿಲ್ಲಿಸುವುದಂತೆ! ಮಕ್ಕಳ ಪ್ರೀತಿಗೆ ಇದಕ್ಕಿಂತ ಚೆಂದದ ಲೆಕ್ಕಾಚಾರವನ್ನು ನಾನು ಕಂಡಿಲ್ಲ. ನಾವು ನವೆಂಬರ್ ತಿಂಗಳಲ್ಲಿ ಶುದ್ಧೀಕರಣ ಸ್ಥಳದ ಆತ್ಮಗಳಿಗಾಗಿ ಪ್ರಾರ್ಥಿಸುತ್ತೇವೆ. ಅದಕ್ಕ ಹಿಂದಿನವರು ಉತ್ತರಿಸುವ ಸ್ಥಳವೆನ್ನುತ್ತಿದ್ದರು. ಮುಸಲ್ಮಾನರ ಹದೀಸಿನಲ್ಲಿ ಒಂದು ಸೇತುವೆಯ ಮಾತು ಬರುತ್ತದೆ. ನರಕದ ಅಪಾಯವನ್ನು ದಾಟಿ ಬಂದ ವಿಶ್ವಾಸಿಗಳನ್ನೂ ನರಕಕ್ಕೂ ಸ್ವರ್ಗಕ್ಕೂ ನಡುವಿನ ಆ ಸೇತುವೆಯ ಮೇಲೆ ತಡೆದು ನಿಲ್ಲಿಸಲಾಗುತ್ತದೆ. ಲೋಕದಲ್ಲಿ ಒಬ್ಬರಿಗೊಬ್ಬರು ಮಾಡಿದ ಅನ್ಯಾಯಗಳನ್ನು ಅವರು ಅಲ್ಲಿ ಪರಸ್ಪರ ತೀರಿಸಿಕೊಳ್ಳಬೇಕು. ಆ ಮೇಲಷ್ಟೇ ಸ್ವರ್ಗಪ್ರವೇಶ. ದೇವರ ತೀರ್ಪಿನಲ್ಲಿ ಗೆದ್ದವರೂ ಅಣ್ಣತಮ್ಮಂದಿರ ಲೆಕ್ಕಕ್ಕಾಗಿ ಬಾಗಿಲ ಹೊರಗೆ ನಿಂತಿರುವ ಈ ಚಿತ್ರ, ಕಡೆಯ ಕಾಸನ್ನು ಸಲ್ಲಿಸುವ ತನಕ ಬಿಡುಗಡೆಯಿಲ್ಲವೆಂದ ಪ್ರಭುವಿನ ಮಾತಿಗೆ ಎಷ್ಟು ಸಮೀಪ! ಯೆಹೂದ್ಯರೂ ಮುಸಲ್ಮಾನರೂ ದೇವರ ರಕ್ಷಣಾ ಯೋಜನೆಯ ಹೊರಗಿನವರಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಘೋಷಿಸಿದೆ. ಕ್ರಿಸ್ತರೇ ಮಾರ್ಗವೆಂಬ ನಮ್ಮ ವಿಶ್ವಾಸಕ್ಕೆ ಇದರಿಂದ ಕುಂದಿಲ್ಲ. ಆ ಮಾರ್ಗ ಎಲ್ಲಿಂದ ಹಾದುಹೋಗುತ್ತದೆಂದು ಪಕ್ಕದ ಮನೆಯವರು ನೆನಪಿಸಿದರೆ ಮುನಿಸಿಕೊಳ್ಳುವುದೇಕೆ?

ಜಗಲಿಯ ಹಿರಿಯರಿಗೆ ಇದನ್ನೆಲ್ಲ ಇಷ್ಟು ಉದ್ದವಾಗಿ ಹೇಳಲಿಲ್ಲ. ನಿಮ್ಮ ಲೆಕ್ಕ ಮುಗಿದಿಲ್ಲ ಎಂದಷ್ಟೇ ಹೇಳಿದೆ. ತಮ್ಮ ಇಲ್ಲದಿದ್ದರೂ ತಮ್ಮನ ಹೆಂಡತಿ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ, ತೋಟವೂ ಇದ್ದಲ್ಲೇ ಇದೆ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಪವಿತ್ರ ವಾರದ ಸೋಮವಾರ ಕಾಗದಪತ್ರಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಆ ಮನೆಗೆ ಹೋದರಂತೆ. ಆಕೆ ಬಾಗಿಲು ತೆರೆದು ನೋಡಿ, ಮಾತಾಡದೆ ಮುಚ್ಚಿಕೊಂಡಳಂತೆ.

ಪಾಸ್ಖ ಹಬ್ಬದ ಪೂಜೆ ಮುಗಿದ ಮೇಲೆ ಬಂದು, "ಏನು ಮಾಡಲಿ, ಸ್ವಾಮಿ?" ಎಂದು ಕೇಳಿದರು. ನಾನು ಅವರಿಗೆ ಮೈಮೊನಿಡಿಸನ ಲೆಕ್ಕವನ್ನು ಹೇಳಿದೆ. ಮೂರು ಬಾರಿ ಎಂದರೆ ಇನ್ನೂ ಎರಡು ಉಳಿದಿವೆ. ಮುಂದಿನ ಸಲ ಜೊತೆಗೆ ಮೂವರು ಬೇಕಲ್ಲ ಎಂದರು. ಒಬ್ಬನು ನಾನು ಬರುತ್ತೇನೆ ಎಂದೆ. ಇನ್ನೊಬ್ಬರು ಅವರ ಪಕ್ಕದ ಮನೆಯ ಸಾಹೇಬರು. ಅವರು ಆಗಲೇ ಒಪ್ಪಿದ್ದಾರೆ. ಮೂರನೆಯವರನ್ನು ಹುಡುಕುತ್ತಿದ್ದೇವೆ.